ತಾರಸಿಯನ್ನು ಮೊಬೈಲ್ ಟವರ್‌ಗೆ ಕೊಡುವವರು ಮೊದಲು ಇದನ್ನು ಓದಿ

ಟವರ್‌ಗೆ ತಾರಸಿ ಕೊಡಿ, ಬಾಡಿಗೆ ಬರುತ್ತದೆ ಎಂದು ಯಾರಾದರೂ ಮನೆಗೆ ಬಂದರೆ ದಯವಿಟ್ಟು ಅದೇ ದಿನ ಸಹಿ ಹಾಕಬೇಡಿ. ನಾನು ಹಾಕಿದೆ. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷ ಬಾಳಿದ ಬೀದಿಯಲ್ಲಿ ಈಗ ತಲೆ ತಗ್ಗಿಸಿ ನಡೆಯುತ್ತಿದ್ದೇನೆ.

2023ರ ಜೂನ್‌ನಲ್ಲಿ ಬಂದವನು ಕಂಪನಿಯ ನೌಕರನೇ ಅಲ್ಲ, ಮಧ್ಯವರ್ತಿ. ಅದೂ ಆಮೇಲೆ ತಿಳಿಯಿತು. ಸರ್ವೆಗೆ ಬೇಕು ಎಂದು ಕಂದಾಯ ರಸೀದಿಯ ಪ್ರತಿ ಒಯ್ದ. ವಾರ ಬಿಟ್ಟು ಒಪ್ಪಂದ ಹಿಡಿದು ಬಂದಾಗ ನಾನು ಕೇಳಿದ್ದು ಒಂದೇ ಮಾತು: ಹಿಂದಿನ ಗೋಡೆಯ ಆಚೆ ಪ್ರಾಥಮಿಕ ಶಾಲೆ ಇದೆಯಲ್ಲ, ನಿಯಮ ಒಪ್ಪುತ್ತದೆಯೇ? "ಪಾಲಿಕೆಯದ್ದು ಆಗಿದೆ ಸರ್, ನೋಡಿ" ಎಂದು ಕಾಗದ ತೋರಿಸಿದ. ದುಂಡು ಮೊಹರು, ತಾರೀಖು, ಸಂಖ್ಯೆ. ಮೊಹರನ್ನು ನೋಡಿದೆ, ಒಕ್ಕಣೆಯನ್ನು ಓದಲಿಲ್ಲ. ಓದಲಿಲ್ಲ!

ಕಂಬಗಳು ಎದ್ದ ಮೇಲೆ ಮಕ್ಕಳ ತಂದೆತಾಯಂದಿರು ಮನೆ ಮುಂದೆ ಬಂದರು. ನಾನು ಧೈರ್ಯವಾಗಿ "ಅನುಮತಿ ಇದೆ" ಎಂದೆ. ಶಾಲೆಯ ಮುಖ್ಯೋಪಾಧ್ಯಾಯಿನಿಗೂ ಒಂದು ಪ್ರತಿ ಕೊಟ್ಟೆ. ಅವರೆಲ್ಲರ ಜೊತೆಗೇ ಪಾಲಿಕೆಗೆ ಹೋದೆ. ಅಧಿಕಾರಿ ಕಾಗದ ಓದಿ ನನ್ನನ್ನೇ ನೋಡಿದರು. "ಇದು ನಾವು ಕೊಟ್ಟ ಅನುಮತಿಯಲ್ಲ. ಟವರ್ ಕಂಪನಿಯವರು ನಮಗೆ ಬರೆದ ಮಾಹಿತಿ ಪತ್ರ. ಮೊಹರು ಪತ್ರ ತಲುಪಿದ್ದಕ್ಕೆ ಒತ್ತಿದ್ದು."

ನಾನು ಸಹಿ ಹಾಕುವ ಮೊದಲೇ ನನ್ನ ಮನೆ ಸಂಖ್ಯೆ ಬರೆದು ಸಲ್ಲಿಸಿದ್ದರು. ಅದಕ್ಕೇ ರಸೀದಿ ಕೇಳಿದ್ದು. ಹತ್ತು ಜನರ ಎದುರು ನನ್ನ ಬಾಯಿ ಒಣಗಿತು.

"ಹಾಗಾದರೆ ಅನುಮತಿ ಯಾರು ಕೊಡಬೇಕು?" ಎಂದೆ. "ಟವರ್ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ಕೇಂದ್ರ ಮಾಡಿದ ತಿದ್ದುಪಡಿಯ ನಂತರ ಖಾಸಗಿ ಕಟ್ಟಡಕ್ಕೆ ನಮ್ಮ ಅನುಮತಿ ಬೇಕಿಲ್ಲ. ಕಟ್ಟಡ ಭಾರ ತಡೆಯುತ್ತದೆ ಎಂಬ ಎಂಜಿನಿಯರ್ ಪ್ರಮಾಣಪತ್ರ ಸೇರಿಸಿ ಮೊದಲೇ ತಿಳಿಸಿದರೆ ಸಾಕು. ಜಾಗ ಕೊಟ್ಟವರು ನೀವು" ಎಂದರು. ಶಾಲೆಗಳ ಬಳಿಯ ಟವರ್ ತೆಗೆಯಲು 2012ರಲ್ಲಿ ರಾಜಸ್ಥಾನ ಹೈಕೋರ್ಟ್ ಆದೇಶಿಸಿದ್ದನ್ನು ಒಬ್ಬ ತಂದೆ ನೆನಪಿಸಿದರು. ಅದು ಆ ರಾಜ್ಯದ್ದು ಎಂಬ ಉತ್ತರ ಬಂತು. ಶಾಲೆ, ಆಸ್ಪತ್ರೆ ಎಂದು ಜಾಗ ನೋಡಿ ತಡೆಯಬೇಡಿ ಎಂದೇ ದೂರಸಂಪರ್ಕ ಇಲಾಖೆ ರಾಜ್ಯಗಳಿಗೆ ಸಲಹೆ ಕೊಟ್ಟಿದೆಯಂತೆ. ಅಂದರೆ ತಡೆಯಬಹುದಾಗಿದ್ದವನು ನಾನೊಬ್ಬನೇ.

ಪ್ರಮಾಣಪತ್ರ ತೆಗೆಸಿ ನೋಡಿದೆ. ನನ್ನ ಎರಡಂತಸ್ತಿನ ಮನೆಯನ್ನು ಮೂರಂತಸ್ತು ಎಂದು ಬರೆದಿದೆ. ಆ ಎಂಜಿನಿಯರ್ ನಮ್ಮ ಮೆಟ್ಟಿಲು ಹತ್ತಿದ್ದನ್ನು ಮನೆಯವರು ಯಾರೂ ಕಂಡಿಲ್ಲ. ಗಾಳಿಮಳೆ ಬಂದ ರಾತ್ರಿ ನನಗೆ ನಿದ್ದೆ ಬರುವುದಿಲ್ಲ, ಕೆಳಗೆ ಮಕ್ಕಳು ಆಡುವ ಅಂಗಳ.

ವಿಕಿರಣದ ಬಗ್ಗೆ ಸುಳ್ಳು ಹೇಳುವುದಿಲ್ಲ. ಟವರ್ ವಿಕಿರಣಕ್ಕೆಂದೇ ಇರುವ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ 4,000 ರೂಪಾಯಿ ಕಟ್ಟಿ ಅಳತೆ ಮಾಡಿಸಿದೆ, ಮಿತಿಯೊಳಗೇ ಬಂತು. ನಮ್ಮ ಮಿತಿ 2012ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. ನನ್ನ ಸಿಟ್ಟು ಮೋಸದ ಮೇಲೆ.

ಮಧ್ಯವರ್ತಿಗೆ ಫೋನ್ ಮಾಡಿದರೆ, "ಅನುಮತಿ ಎಂದು ನಾನು ಬರೆದುಕೊಟ್ಟಿದ್ದೇನೆಯೇ ಸರ್?" ಕಂಪನಿಗೆ ಮೂರು ಸಲ ಬರೆದೆ. ಮೂರು ಸಲವೂ "ಒಪ್ಪಂದದ 14ನೇ ಕಲಂ ನೋಡಿ" ಎಂದೇ ಉತ್ತರ. ನೋಡಿದೆ. ಅವರು ತಿಂಗಳ ನೋಟಿಸ್ ಕೊಟ್ಟು ಹೋಗಬಹುದು, ನಾನು ಹತ್ತು ವರ್ಷ ಬಿಡಿಸುವಂತಿಲ್ಲ. ಹದಿನೈದು ಸಾವಿರ ಬಾಡಿಗೆಗೆ ಹತ್ತು ವರ್ಷ!

ಮೊಹರು ನೋಡಿ ನಂಬಬೇಡಿ, ಕಾಗದವನ್ನು ಯಾರು ಯಾರಿಗೆ ಬರೆದಿದ್ದಾರೆ ಎಂದು ಓದಿ. ಎಂಜಿನಿಯರ್ ನಿಮ್ಮ ಕಣ್ಣೆದುರು ಬಂದು ಕಟ್ಟಡ ನೋಡಲಿ. ಒಪ್ಪಂದ ವಕೀಲರ ಕೈಗೆ ಹೋಗಲಿ. ಕಂದಾಯ ರಸೀದಿ ಮಾತ್ರ ಮೊದಲೇ ಕೊಡಬೇಡಿ. ಅದೇ ಮನುಷ್ಯ ಈಗ ಪಕ್ಕದ ಬಡಾವಣೆಯಲ್ಲಿ ಮನೆಮನೆಗೆ ಹೋಗಿ ಅದನ್ನೇ ಕೇಳುತ್ತಿದ್ದಾನೆ.