ಖರ್ಜದ ತಂತಿ ಕೇಳಿಸಬೇಕಾದರೆ: ಇಆರ್4ಎಸ್‌ಆರ್ ಇಯರ್‌ಫೋನ್ ಬಳಸಿದವನ ಮಾತು

ಎಟಿಮೋಟಿಕ್ ಕಂಪನಿಯ ಇಆರ್4ಎಸ್‌ಆರ್ ನನ್ನ ಕೈಸೇರಿ ವರ್ಷಗಳೇ ಆದವು. ಒಳಗೆ ಎಂಥ ಡ್ರೈವರ್ (ದನಿ ಹೊರಡಿಸುವ ಭಾಗ) ಇದೆ, ಡಬ್ಬಿಯಲ್ಲಿ ಏನೇನು ಬರುತ್ತದೆ ಎಂಬುದನ್ನೆಲ್ಲ ಕೊಳ್ಳುವ ಮನಸ್ಸಿದ್ದವರು ಆಗಲೇ ಓದಿರುತ್ತೀರಿ. ನಾನು ಬರೆಯಲು ಕೂತದ್ದು ತಂಬೂರಿಯ ಸಲುವಾಗಿ. ಧಾರವಾಡದಲ್ಲಿ ಹುಟ್ಟಿ ಬೆಳೆದವನಿಗೆ ಹಿಂದೂಸ್ತಾನಿ ಗಾಯಕರಾದ ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಕಿವಿಗೆ ಹೊಸಬರಲ್ಲ. ರೇಡಿಯೊದಲ್ಲಿ, ಕ್ಯಾಸೆಟ್ಟಿನಲ್ಲಿ, ಮೊಬೈಲಿನಲ್ಲಿ ಕೇಳುತ್ತಲೇ ಬಂದಿದ್ದೇನೆ. ಆದರೆ ಅದೇ ಧ್ವನಿಮುದ್ರಣಗಳಲ್ಲಿ ಗಾಯಕರ ಹಿಂದೆ ಎರಡು ತಂಬೂರಿಗಳಿವೆ, ಎರಡೂ ಬೇರೆ ಬೇರೆ ಗತಿಯಲ್ಲಿ ನುಡಿಯುತ್ತಿವೆ ಎಂಬುದು ಸ್ಪಷ್ಟವಾಗಿ ಗೊತ್ತಾದದ್ದು ಈ ಇಯರ್‌ಫೋನ್‌ನಿಂದ. ಅದೂ ಡಬ್ಬಿ ಬಿಚ್ಚಿದ ದಿನ ಅಲ್ಲ, ನನ್ನ ಕಿವಿಗೆ ಒಪ್ಪುವ ಟಿಪ್, ಅಂದರೆ ಕಿವಿಯೊಳಗೆ ಕೂರುವ ಮೆತ್ತನೆಯ ತುದಿ, ಸಿಕ್ಕ ಮೇಲೆ.

ಇದರ ಬಗ್ಗೆ ವಿಚಾರಿಸುವವರೆಲ್ಲ ಮೊದಲು ಕೇಳುವುದು ಯಾವ ಡ್ಯಾಕ್ (ಡಿಜಿಟಲ್ ಫೈಲನ್ನು ದನಿಯ ಸಂಕೇತವಾಗಿಸುವ ಸಾಧನ) ಹಾಕಬೇಕು, ಯಾವ ಆಂಪ್ಲಿಫೈಯರ್ ಬೇಕು ಅಂತ. ಮೊಬೈಲಿಗೆ ಸಿಕ್ಕಿಸುವ ಸಣ್ಣದೊಂದು ಡಾಂಗಲ್ ಸಾಕು. ಇದರ ರೋಧ 45 ಓಮ್, ಸಾಧಾರಣ ಡಾಂಗಲ್ಲೇ ಆರಾಮಾಗಿ ನುಡಿಸುತ್ತದೆ. ಉಳಿದ ದುಡ್ಡನ್ನು ಟಿಪ್‌ಗಳ ಮೇಲೆ ಹಾಕಿ. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ್ದು. ಅದರ ಬಾಯಿ ಗಾಳಿಯಾಡದಂತೆ ಮುಚ್ಚಿದರೆ ಮಾತ್ರ ಇಂಥ ಇಯರ್‌ಫೋನ್ ಕೆಳಗಿನ ಸ್ವರಗಳನ್ನು ಪೂರ್ತಿ ಕೊಡಬಲ್ಲದು. ಕೂದಲೆಳೆಯಷ್ಟು ಸಂದಿ ಉಳಿದರೂ ಮಂದ್ರವೆಲ್ಲ ಅಲ್ಲಿಂದ ಸೋರಿಹೋಗುತ್ತದೆ.

ಇದನ್ನು ತಂಬೂರಿಗೆ ಹಚ್ಚಿ ನೋಡಿ. ಗಂಡಸರು ಹಾರ್ಮೋನಿಯಂನ ಕಾಳಿ ಏಕ್, ಅಂದರೆ ಮೊದಲ ಕರಿಮನೆಯ ಶ್ರುತಿಗೆ ಹಾಡಿದರೆ ಷಡ್ಜ (ಸ) ಸುಮಾರು 138 ಹರ್ಟ್ಸ್. ತಂಬೂರಿಯ ಖರ್ಜದ ತಂತಿ, ಅಂದರೆ ಎಲ್ಲಕ್ಕಿಂತ ಕೆಳಗಿನ ಷಡ್ಜದ ತಂತಿ, ಅದರ ಅರ್ಧ, ಅಂದರೆ 69ರ ಆಸುಪಾಸು. ಟಿಪ್ ಸಡಿಲಾದಾಗ ಮೊದಲು ಕಳೆದುಹೋಗುವುದು ಇದೇ ಜಾಗ. ಖರ್ಜ ಬರೀ ಕೆಳಗಿನ ಗುಂಯ್ ಅಲ್ಲ. ಕುದುರೆಯ ಮೇಲೆ ತಂತಿಯ ಕೆಳಗೆ ದಾರ ಸರಿಸಿ ಜವಾರಿ, ಅಂದರೆ ತಂತಿಯ ಝೇಂಕಾರ, ಸರಿಯಾಗಿ ಬಿಟ್ಟಿದ್ದರೆ ಆ ಒಂದೇ ತಂತಿಯಿಂದ ಮೇಲಿನ ಸ್ವರಗಳ ಸಾಲೇ ಏಳುತ್ತದೆ. ಐದನೆಯ ಉಪಸ್ವರ ಸುಮಾರು 345 ಹರ್ಟ್ಸ್, ಅದು ತಾರ ಸಪ್ತಕದ ಗಾಂಧಾರ. ಯಾರೂ ಮೀಟದ ಗಾಂಧಾರ ತಂಬೂರಿಯಲ್ಲಿ ತಾನಾಗಿ ನುಡಿಯುತ್ತದೆ ಅಂತ ಹಿರಿಯರು ಹೇಳುವುದು ಇದನ್ನೇ. ಕಿರಾಣಾ ಘರಾಣೆಯ ಗಾಯನ ಪರಂಪರೆಯವರು ತಂಬೂರಿ ಶ್ರುತಿ ಮಾಡುವುದಕ್ಕೇ ಯಾಕೆ ಅಷ್ಟು ಹೊತ್ತು ಕೊಡುತ್ತಾರೆ ಅಂತ ನನಗೆ ತಿಳಿದಿತ್ತು. ಇಯರ್‌ಫೋನ್ ಹಾಕಿಕೊಂಡು ಕೂತಾಗ ಅದನ್ನು ಕೇಳಿದೆ.

ಡಬ್ಬಿಯಲ್ಲಿ ಬರುವ ಮೂರು ಪದರದ ರಬ್ಬರ್ ಟಿಪ್ ಎಡಗಿವಿಗೆ ಚೆನ್ನಾಗಿ ಕೂತಿತು. ನನ್ನ ಬಲಗಿವಿಯ ನಾಳ ಸ್ವಲ್ಪ ಕಿರಿದು, ಹಾಗಾಗಿ ಅಲ್ಲಿ ಸಣ್ಣ ಅಳತೆಯದು ಬೇಕಾಯಿತು. ಎರಡೂ ಕಿವಿಗೆ ಒಂದೇ ಅಳತೆ ಇರಲೇಬೇಕೆಂಬ ನಿಯಮವಿಲ್ಲ. ಫೋಮ್ ಟಿಪ್ ಕೂಡ ಬಳಸುತ್ತೇನೆ. ಬೆರಳಲ್ಲಿ ಹಿಸುಕಿ ಒಳಗೆ ಬಿಟ್ಟರೆ ನಿಧಾನಕ್ಕೆ ಉಬ್ಬಿ ಕಿವಿಯ ಆಕಾರವನ್ನೇ ತಳೆಯುತ್ತದೆ. ಅದು ಬಲು ಮೆತ್ತಗೆ, ಆದರೆ ತಾರದ ಹೊಳಪನ್ನು ಒಂಚೂರು ತಗ್ಗಿಸುತ್ತದೆ. ಕೆಲವು ತಿಂಗಳಿಗೇ ಸತ್ವ ಕಳೆದುಕೊಳ್ಳುತ್ತದೆ, ಮೂರು ಜೊತೆಗೆ ಸಾವಿರ ರೂಪಾಯಿ ದಾಟುತ್ತದೆ. ಬಸ್ಸಿನಲ್ಲಿ ಫೋಮ್, ಮನೆಯಲ್ಲಿ ರಬ್ಬರ್, ಇದು ನನ್ನ ರೂಢಿ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ಇಂಥ ಇಯರ್‌ಫೋನ್ ಹಾಕಿ ನೋಡಿ ಕೊಳ್ಳುವ ಅನುಕೂಲ ನನಗೆ ಸಿಗಲಿಲ್ಲ, ತರಿಸಿಯೇ ನೋಡಬೇಕು. ಹಾಗಾಗಿ ತರಿಸುವಾಗಲೇ ಎರಡು ಮೂರು ಬಗೆಯ ಟಿಪ್ ಸೇರಿಸಿ ತರಿಸಿಕೊಳ್ಳಿ.

ಹಾಕಿಕೊಳ್ಳುವುದಕ್ಕೂ ಒಂದು ಕ್ರಮವಿದೆ, ನನಗೆ ಅದು ಈಗ ನಿತ್ಯದ ನೇಮ. ರಾತ್ರಿ ಊಟ ಮುಗಿಸಿ, ಕೈ ತೊಳೆದು ಒರೆಸಿಕೊಂಡು ಕೂಡುತ್ತೇನೆ. ರಬ್ಬರ್ ಟಿಪ್ಪಿಗೆ ನೀರಿನ ಪಸೆ ಮುಟ್ಟಿಸುತ್ತೇನೆ, ತೊಟ್ಟಿಕ್ಕುವಷ್ಟಲ್ಲ. ಎಡಗೈಯನ್ನು ತಲೆಯ ಮೇಲಿನಿಂದ ತಂದು ಬಲಗಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದರೆ ನಾಳ ನೆಟ್ಟಗಾಗುತ್ತದೆ. ಆಗ ಬಲಗೈಯಿಂದ ಸಣ್ಣಗೆ ತಿರುವುತ್ತ ಒಳಗೆ ಬಿಡಬೇಕು. ಒತ್ತಬಾರದು, ನೋವಾದರೆ ಅಲ್ಲಿಗೇ ನಿಲ್ಲಿಸಬೇಕು. ಹೊರಗಿನ ಫ್ಯಾನಿನ ಸದ್ದು ತಟ್ಟನೆ ದೂರವಾದರೆ ಕೂತಿತು ಅಂತ. ಆಮೇಲೆ ಮೊಬೈಲಿನ ತಂಬೂರಿ ಆ್ಯಪ್‌ನಲ್ಲಿ ಖರ್ಜವೊಂದನ್ನೇ ಬಿಡುತ್ತೇನೆ. ಎರಡೂ ಕಿವಿಯಲ್ಲಿ ಒಂದೇ ತೂಕದಲ್ಲಿ ಕೇಳಿಸಿ, ಆ ದನಿ ತಲೆಯ ನಡುವೆ ಬಂದು ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಆ ಕಡೆಯದು ಸರಿಯಾಗಿ ಕೂತಿದೆ, ಇನ್ನೊಂದು ಸೋರುತ್ತಿದೆ. ತೆಗೆಯುವಾಗ ಸರಕ್ಕನೆ ಎಳೆಯಬೇಡಿ, ಒಳಗಿನ ಗಾಳಿ ಕಿವಿಯ ತಮಟೆಯನ್ನು ಜಗ್ಗುತ್ತದೆ. ತಿರುವುತ್ತ ಸಡಿಲಿಸಿ ತೆಗೆಯಿರಿ.

ಇಷ್ಟಾದ ಮೇಲೆ ಏನು ಕೇಳಿಸುತ್ತದೆ ಅನ್ನುತ್ತೀರಾ? ಗಂಗೂಬಾಯಿ ಹಾನಗಲ್ಲರ ಹಿಂದೆ ಮಗಳು ಕೃಷ್ಣಾ ಹಾನಗಲ್ ಹಾಡಿದ ಕಛೇರಿಗಳನ್ನು ಕೇಳಿ. ತಾಯಿಯ ಗಂಭೀರ ದನಿ ಒಂದು ಸ್ವರದ ಮೇಲೆ ನಿಂತಾಗ ಮಗಳು ಎಲ್ಲಿಂದ ಎತ್ತಿಕೊಳ್ಳುತ್ತಾರೆ, ತಾಯಿ ಮತ್ತೆ ಬಂದಾಗ ಎಷ್ಟು ನಯವಾಗಿ ಜಾಗ ಬಿಡುತ್ತಾರೆ ಎಂಬುದು ಬಿಡಿಬಿಡಿಯಾಗಿ ತಿಳಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಹಿಂದೆ ಮಗ ರಾಜಶೇಖರ ಮನ್ಸೂರರು ಕೂತಾಗಲೂ ಹಾಗೆಯೇ. ಮನ್ಸೂರರು ಉಸಿರು ತೆಗೆದುಕೊಳ್ಳುವುದೇ ಇಲ್ಲವೇನೋ ಅನ್ನಿಸುವಂಥ ಹಾಡುಗಾರಿಕೆ ಅವರದು. ಈ ಇಯರ್‌ಫೋನ್‌ನಲ್ಲಿ ಆ ಉಸಿರು ಕೇಳಿಸುತ್ತದೆ. ಎರಡು ಮಾತಿನ ನಡುವೆ, ತೀರಾ ಚಿಕ್ಕದಾಗಿ, ತಾನಿನ ಓಟ ಕೆಡದ ಜಾಗದಲ್ಲಿ ತೆಗೆದುಕೊಂಡಿರುತ್ತಾರೆ.

ನಮ್ಮ ಕಾಕಾ ಎಳೆಯ ವಯಸ್ಸಿನಲ್ಲಿ ಹಾಡಿಕೆ ಕಲಿತವರು, ಮನೆಯಲ್ಲಿ ಮಿರಜದ ತಂಬೂರಿ ಇಟ್ಟುಕೊಂಡವರು. ಒಮ್ಮೆ ಅವರ ಕಿವಿಗೆ ಹಾಕಿಕೊಟ್ಟೆ.

"ಏನೋ ಇದು, ಕಿವ್ಯಾಗ ಇಷ್ಟು ಒಳಗ ತುರುಕತಿ?" ಅಂದರು.

"ಸ್ವಲ್ಪ ತಡೀರಿ ಕಾಕಾ, ತಂಬೂರಿ ಕೇಳ್ರಿ."

ಕಣ್ಣು ಮುಚ್ಚಿ ಕೂತರು. ಹಳೆಯ ಕಛೇರಿಯ ಧ್ವನಿಮುದ್ರಣ, ವಿಲಂಬಿತ ನಡೆದಿತ್ತು. ಸ್ವಲ್ಪ ಹೊತ್ತಿಗೆ ಕೈ ಎತ್ತಿದರು. "ಹಿಂದಕ ಒಯ್ಯಿ. ಒಂದು ತಂಬೂರಿ ಖರ್ಜ ಇಳದೈತಿ. ಹಾಂ, ಈಗ ನೋಡು, ಯಾರೋ ಮಣಿ ಸರಿಸಿದರು. ಈಗ ಕೂಡ್ತು."

ತಂಬೂರಿಯವರು ಕಛೇರಿ ನಡೆದಂತೆಯೇ ಮಣಿ ಸರಿಸಿ ಶ್ರುತಿ ಕೂಡಿಸಿದ್ದು ಅದರಲ್ಲಿತ್ತು. ನಾನು ಆ ಧ್ವನಿಮುದ್ರಣವನ್ನು ಎಷ್ಟೋ ಸಲ ಕೇಳಿದ್ದೆ, ಕಾಕಾ ತೋರಿಸುವವರೆಗೆ ಅದನ್ನು ಗುರುತಿಸಿರಲಿಲ್ಲ. ಪಳಗಿದ ಕಿವಿಗೆ ಒಳ್ಳೆಯ ಸಾಧನ ಸಿಕ್ಕರೆ ಏನಾಗುತ್ತದೆ ಅಂತ ಆವತ್ತು ಕಂಡೆ.

ಆದರೆ ಇಷ್ಟು ಬಿಡಿಸಿ ಹೇಳುವ ಸಾಧನ ಕೈಗೆ ಬಂದಮೇಲೆ ಸಿಟ್ಟು ಬರುವ ಸಂಗತಿಯೂ ಇದೆ. ಅಂತರ್ಜಾಲದಲ್ಲಿ ಹಳೆಯ ಕಛೇರಿಗಳನ್ನು ಹಾಕುವ ಕೆಲವರು ಸ್ವಚ್ಛ ಮಾಡಿದ್ದೇವೆ ಅಂತ ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ. ಟೇಪಿನ ಸುಂಯ್ ತೆಗೆಯುವ ಆ ಸಾಫ್ಟ್‌ವೇರ್ ಬಹುಮಟ್ಟಿಗೆ ಕೆಲಸ ಮಾಡುವುದು ಹೀಗೆ: ಏರಿಳಿತವಿಲ್ಲದೆ ಒಂದೇ ಸಮನೆ ಇರುವ ಸದ್ದನ್ನು ಗದ್ದಲವೆಂದು ತಿಳಿದು ಕಳೆದುಬಿಡುವುದು. ಕಛೇರಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಇರುವುದು ಯಾವುದು? ತಂಬೂರಿ. ಬಿಗಿಯಾಗಿ ಸ್ವಚ್ಛ ಮಾಡಿದಷ್ಟೂ ತಂಬೂರಿ ತೆಳ್ಳಗಾಗುತ್ತದೆ, ಅದರ ಮೇಲುಸ್ವರಗಳು ನೀರಿನೊಳಗಿಂದ ಬಂದಂತೆ ತೇಲಾಡುತ್ತವೆ, ಗಾಯಕರು ಹಾಡು ನಿಲ್ಲಿಸಿದ ಕೂಡಲೇ ಕರಿಮೌನ. ಹಿಂದೂಸ್ತಾನಿ ಸಂಗೀತದಲ್ಲಿ ಆ ಜಾಗ ಯಾವತ್ತೂ ಖಾಲಿ ಇರುವುದಿಲ್ಲ, ಅಲ್ಲಿ ಶ್ರುತಿ ತುಂಬಿರುತ್ತದೆ. ಸುಂಯ್ ಇದ್ದರೆ ಇರಲಿ ಬಿಡಿ, ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ತಾನೇ ಬದಿಗಿಡುತ್ತದೆ. ಕಳೆದುಹೋದ ತಂಬೂರಿಯನ್ನು ಯಾವ ಇಯರ್‌ಫೋನೂ ಮರಳಿ ತರಲಾರದು. ಮನೆಯಲ್ಲಿ ಹಳೆಯ ಕ್ಯಾಸೆಟ್ ಇಟ್ಟುಕೊಂಡವರಿಗೆ ನನ್ನ ಕಳಕಳಿಯ ವಿನಂತಿ ಇಷ್ಟೇ: ಕಂಪ್ಯೂಟರಿಗೆ ಇಳಿಸಿದ ಮೂಲ ಪ್ರತಿಯೊಂದನ್ನು ಏನೂ ಮುಟ್ಟದೆ ಹಾಗೆಯೇ ಉಳಿಸಿ.

78 ಆರ್‌ಪಿಎಂ ತಟ್ಟೆಗಳಿಂದ ಬಂದ ಮುದ್ರಣಗಳದ್ದು ಬೇರೆಯೇ ಕಥೆ. ಗಂಗೂಬಾಯಿಯವರು 1930ರ ದಶಕದಲ್ಲಿ ಕೊಟ್ಟ ತಟ್ಟೆಗಳಲ್ಲಿ ದನಿ ತೆಳುವಾಗಿ, ಎತ್ತರದಲ್ಲಿದೆ. ಆಮೇಲೆ ಗಂಟಲಿನ ಚಿಕಿತ್ಸೆಯಾಗಿ ನಾವೆಲ್ಲ ಬಲ್ಲ ಆ ಗಡಸು ದನಿ ಬಂತು. ಆ ಕಾಲದ ಮುದ್ರಣ ಮೋನೊ. ಅದನ್ನು ಎರಡೂ ಕಿವಿಗೆ ಹರಡಲು ಯಾರಾದರೂ ಕೃತಕ ಸ್ಟೀರಿಯೊ ಮಾಡಿದ್ದರೆ ಇಯರ್‌ಫೋನ್‌ನಲ್ಲಿ ತಲೆ ನೋಯುತ್ತದೆ. ಮೊಬೈಲಿನ ಸೆಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿಗೆ ಹೋದರೆ ಮೋನೊ ಆಡಿಯೊ ಅಂತ ಇರುತ್ತದೆ, ಅದನ್ನು ಹಾಕಿ. ದನಿ ನಡುವೆ ಬಂದು ಕೂಡುತ್ತದೆ, ತಟ್ಟೆಯ ಚಟಪಟವೂ ಎಷ್ಟೋ ತಗ್ಗುತ್ತದೆ.

ಲಾಸ್‌ಲೆಸ್ ಫೈಲ್ (ದನಿಯ ಯಾವ ಭಾಗವನ್ನೂ ಬಿಡದೆ ಉಳಿಸುವ ಫೈಲ್) ಬೇಕೇ ಅಂತ ಕೇಳುವವರಿಗೆ: ಹೊಸ ಸ್ಟುಡಿಯೊ ಮುದ್ರಣವಾದರೆ ಇರಲಿ, ಹಳೆಯ ಕಛೇರಿಗೆ 320 ಕೆಬಿಪಿಎಸ್ ಎಂಪಿ3 ನನಗೆ ಧಾರಾಳವಾಯಿತು.

ನಾನು ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಓಡಾಡುವವನು. ಹೊರಗಿನ ಸದ್ದನ್ನು 35ರಿಂದ 42 ಡೆಸಿಬೆಲ್‌ವರೆಗೆ ತಡೆಯುತ್ತದೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಬಸ್ಸಿನ ಎಸಿ, ಮಾತುಕತೆ, ಫೋನಿನ ಜೋರು ದನಿಗಳು ಎಲ್ಲ ಹಿಂದೆ ಸರಿಯುತ್ತವೆ. ನಿಲ್ದಾಣದ ಹೆಸರು ಕೂಗುವುದೂ ಕೇಳಿಸುವುದಿಲ್ಲ, ಪರದೆಯ ಮೇಲೆ ಕಣ್ಣಿಡಬೇಕು. ದೊಡ್ಡ ಲಾಭ ಅಂದರೆ ದನಿ ಸಣ್ಣದಿಟ್ಟೇ ಕೇಳಬಹುದು. ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾದಾ ಇಯರ್‌ಫೋನ್‌ನಲ್ಲಿ ಬಸ್ಸಿನ ಗದ್ದಲ ಮೀರಿಸಲು ಜನ ಅದನ್ನು ಸಲೀಸಾಗಿ ದಾಟುತ್ತಾರೆ. ಬಸ್ಸಿಳಿದ ಕೂಡಲೇ ನಾನು ಕಿವಿಯಿಂದ ತೆಗೆಯುತ್ತೇನೆ. ರಸ್ತೆಯಲ್ಲಿ ಹಾರ್ನ್ ಕೇಳಿಸದೆ ನಡೆಯುವುದು ಅಪಾಯ. ಜೊತೆಗೆ ಕಿವಿಯನ್ನು ಹೀಗೆ ಬಿಗಿಯಾಗಿ ಮುಚ್ಚುವ ಯಾವುದೇ ಇಯರ್‌ಫೋನ್ ಹಾಕಿ ನಡೆದರೂ ಪ್ರತಿ ಹೆಜ್ಜೆ ತಲೆಯೊಳಗೆ ಧಬಧಬ ಅನ್ನುತ್ತದೆ, ತಂತಿ ಅಂಗಿಗೆ ಉಜ್ಜಿದ್ದೂ ಕೇಳುತ್ತದೆ. ತಂತಿಯ ಕ್ಲಿಪ್ಪನ್ನು ಕಾಲರಿಗೆ ಹಾಕಿಕೊಂಡರೆ ಉಜ್ಜುವ ಸದ್ದು ಬಹುಪಾಲು ನಿಲ್ಲುತ್ತದೆ.

ಡೊಳ್ಳು, ಡಿಜೆ, ಸಿನಿಮಾ ಹಾಡಿನ ಬೇಸ್ ಎದೆಗೆ ಬಡಿಯಬೇಕು ಅನ್ನುವವರಿಗೆ ಇದು ಬೇಡ. ಇದೇ ಸಾಲಿನ ಇಆರ್4ಎಕ್ಸ್‌ಆರ್‌ನಲ್ಲಿ ಬೇಸ್ ಸ್ವಲ್ಪ ಹೆಚ್ಚು, ಅದನ್ನು ನೋಡಿ. ತಬಲಾದ ಬಾಯಾಂ (ಎಡಗೈಯ ದೊಡ್ಡ ವಾದ್ಯ) ಇನ್ನಷ್ಟು ದುಂಡಗೆ ಬೇಕೆನ್ನಿಸಿದಾಗ ನಾನು ಈಕ್ವಲೈಸರ್‌ನಲ್ಲಿ 100 ಹರ್ಟ್ಸ್‌ಗಿಂತ ಕೆಳಗೆ ಎರಡು ಮೂರು ಡೆಸಿಬೆಲ್ ಏರಿಸುತ್ತೇನೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಇನ್ನು ಆರೈಕೆ. ರಬ್ಬರ್ ಟಿಪ್ಪುಗಳನ್ನು ಬಿಚ್ಚಿ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೇ ಹಾಕುತ್ತೇನೆ. ಧಾರವಾಡದ ಮಳೆಗಾಲದಲ್ಲಿ ಒಣಗಲು ಇಡೀ ರಾತ್ರಿ ಬೇಕು. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿರುತ್ತೇನೆ. ಕೊಳವೆಯ ತುದಿಯಲ್ಲಿರುವ ಪುಟ್ಟ ಫಿಲ್ಟರ್ ಕಿವಿಯ ಗುಗ್ಗೆಯನ್ನು ತಡೆದು ಒಳಗಿನ ಡ್ರೈವರನ್ನು ಕಾಯುತ್ತದೆ. ಅದು ಕಟ್ಟಿಕೊಂಡರೆ ಮೊದಲು ತಾರಸ್ವರ ಮಂಕಾಗುತ್ತದೆ, ಆಮೇಲೆ ಆ ಕಡೆಯ ದನಿಯೇ ತಗ್ಗುತ್ತದೆ. ಆಗ ಇಯರ್‌ಫೋನ್ ಕೆಟ್ಟಿತು ಅಂತ ಗಾಬರಿ ಬೇಡ. ಜೊತೆಗೆ ಬಂದ ಸಣ್ಣ ಸಾಧನದಿಂದ ಫಿಲ್ಟರ್ ಕಿತ್ತು ಹೊಸದು ಹಾಕಿ, ಒಂದು ಬದಲಿಸುವಾಗ ಎರಡೂ ಕಡೆಯದನ್ನು ಬದಲಿಸಿ, ಇಲ್ಲವಾದರೆ ಎಡಬಲದ ತೂಕ ತಪ್ಪುತ್ತದೆ. ಹುಬ್ಬಳ್ಳಿಯಲ್ಲಿ ನನಗೆ ಇವು ಎಲ್ಲೂ ಸಿಗಲಿಲ್ಲ. ಇಯರ್‌ಫೋನ್ ತರಿಸುವ ದಿನವೇ ಒಂದು ಹೆಚ್ಚುವರಿ ಪೊಟ್ಟಣ ತರಿಸಿಕೊಂಡುಬಿಡಿ.