ಬೆಂಗಳೂರಿಗೆ ವಿಮಾನ: ಸಾಂಬ್ರಾದಿಂದಲೋ, ಹುಬ್ಬಳ್ಳಿಯಿಂದಲೋ?

ಬೆಳಗಾವಿಯವರು ಬೆಂಗಳೂರಿಗೆ ವಿಮಾನದಲ್ಲಿ ಹೋಗುವುದಾದರೆ ಊರಿನದೇ ನಿಲ್ದಾಣವಾದ ಸಾಂಬ್ರಾದಿಂದಲೇ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ದರ ಕಡಿಮೆಯಿದೆಯೆಂದು ಮಗಳು ಹುಬ್ಬಳ್ಳಿಯಿಂದ ಟಿಕೆಟ್ ಕಾಯ್ದಿರಿಸಿದ ಪ್ರಯಾಣದ ನಂತರ ಅದು ಇನ್ನಷ್ಟು ಗಟ್ಟಿಯಾಗಿದೆ.

ನಕ್ಷೆಯ ಮೇಲೆ ನೋಡಿದರೆ ಹುಬ್ಬಳ್ಳಿಯೇ ಮೇಲು. ನೇರ ಗೆರೆ ಎಳೆದಾಗ ಸಾಂಬ್ರಾದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಸುಮಾರು 445 ಕಿ.ಮೀ., ಹುಬ್ಬಳ್ಳಿಯಿಂದ ಸುಮಾರು 370 ಕಿ.ಮೀ. ಆದರೆ ಗಂಟೆಗೆ 500 ಕಿ.ಮೀ. ವೇಗದಲ್ಲಿ ಹಾರುವ ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನಕ್ಕೂ ಈ ಅಂತರ ಹೆಚ್ಚೆಂದರೆ ಹತ್ತು ನಿಮಿಷದ ದಾರಿ. ಜೆಟ್ ವಿಮಾನಕ್ಕೆ ಇನ್ನೂ ಕಡಿಮೆ. ಟಿಕೆಟ್‌ನಲ್ಲಿ ನಮೂದಾಗುವ ಅವಧಿಯಲ್ಲಿ ರನ್‌ವೇವರೆಗೆ ಸಾಗುವುದು, ಮೇಲೇರುವುದು, ಬೆಂಗಳೂರಿನಲ್ಲಿ ಇಳಿಯುವ ಸರದಿಗೆ ಕಾಯುವುದು ಎಲ್ಲವೂ ಸೇರಿರುತ್ತವೆ. ಎಲ್ಲಿಂದ ಹೊರಟರೂ ಇವು ತಪ್ಪುವುದಿಲ್ಲ.

ನಿಜವಾದ ತೊಡಕು ನೆಲದ ಮೇಲಿನದು. ಸಾಂಬ್ರಾ ನಿಲ್ದಾಣವು ನಗರದಿಂದ ಸುಮಾರು ಹತ್ತು ಕಿ.ಮೀ. ದೂರದಲ್ಲಿದ್ದರೆ, ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣವು ಸುಮಾರು ನೂರು ಕಿ.ಮೀ. ದೂರದಲ್ಲಿದೆ. ಹಿರೇಬಾಗೇವಾಡಿ, ಕಿತ್ತೂರು ದಾಟುವವರೆಗೆ ಹೆದ್ದಾರಿಯ ಬಗ್ಗೆ ನನ್ನ ದೂರಿಲ್ಲ. ಧಾರವಾಡದ ಬಳಿ ಬೈಪಾಸ್ ಹಿಡಿದ ಮೇಲೆ ಲಾರಿಗಳ ಸಾಲು ಎಷ್ಟು ಹೊತ್ತು ತಡೆಯುವುದೋ ಹೇಳಲಾಗದು. ವಿಮಾನ ಹೊರಡುವ ಒಂದು ಗಂಟೆ ಮೊದಲೇ ಚೆಕ್-ಇನ್ ಮುಚ್ಚುವುದರಿಂದ, ಎರಡು ಗಂಟೆಯ ದಾರಿಗೆ ಮೂರು ಗಂಟೆಯನ್ನು ತೆಗೆದಿಟ್ಟುಕೊಂಡು ಹೊರಡಬೇಕಾಗುತ್ತದೆ. ದಾರಿ ಖಾಲಿಯಿದ್ದರೆ ಉಳಿದ ಹೊತ್ತನ್ನು ನಿಲ್ದಾಣದ ದುಬಾರಿ ಚಹಾದೊಂದಿಗೆ ಕಳೆಯಬೇಕು.

ಮರಳುವಾಗಿನ ಪಾಡು ಇನ್ನೂ ಕಷ್ಟದ್ದು. ವಿಮಾನ ಇಳಿದೊಡನೆ ಬೆಳಗಾವಿಯ ಬಸ್ಸು ಬಾಗಿಲಲ್ಲಿ ನಿಂತಿರುವುದಿಲ್ಲ. ಆಟೊ ಹಿಡಿದು ಬಸ್ ನಿಲ್ದಾಣಕ್ಕೆ ಹೋಗಬೇಕು, ಇಲ್ಲವೇ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಧಾರವಾಡ ಸೇರಿ ಅಲ್ಲಿಂದ ಬೇರೆ ಬಸ್ಸು ಹತ್ತಬೇಕು. ಒಂದು ಗಂಟೆ ಚಿಲ್ಲರೆಯಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದವನು ಮನೆ ಸೇರಲು ಅದಕ್ಕಿಂತ ದುಪ್ಪಟ್ಟು ಹೊತ್ತು ತೆಗೆದುಕೊಂಡೆ. ಬೇಸತ್ತು ಟ್ಯಾಕ್ಸಿ ಮಾಡಿದ್ದರೆ ಟಿಕೆಟ್‌ನಲ್ಲಿ ಉಳಿದ ಹಣ ಅಲ್ಲಿಯೇ ಕೈಬಿಡುತ್ತಿತ್ತು.

ನಿಲ್ದಾಣಗಳ ಸೌಲಭ್ಯದಲ್ಲಿ ನನಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಆರಂಭವಾದ ಸಾಂಬ್ರಾದ ಟರ್ಮಿನಲ್ ಚಿಕ್ಕದಾದ್ದರಿಂದ ನಡೆಯುವ ಶ್ರಮ ಕಡಿಮೆ.

ಕಿತ್ತೂರಿನಿಂದ ಆಚೆಯವರ ಲೆಕ್ಕ ಬೇರೆ. ಅವರು ಹುಬ್ಬಳ್ಳಿಯನ್ನೇ ಆರಿಸಿಕೊಳ್ಳಲಿ. ನಾನಾದರೋ ಬೆಳಗಾವಿ ನಗರದೊಳಗಿನ ಟಿಳಕವಾಡಿಯವನು, ನಿವೃತ್ತಿವೇತನದಲ್ಲಿ ಬದುಕುವವನು, ಕೈಚೀಲದ ಜೊತೆಗೆ ಕುಂದಾ ಸಿಹಿತಿಂಡಿಯ ಪೆಟ್ಟಿಗೆಗಳನ್ನೂ ಹೊರುವವನು. ಹುಬ್ಬಳ್ಳಿಗಿಂತ ಸಾಂಬ್ರಾದ ಟಿಕೆಟ್ ಸಾವಿರದೈನೂರು ರೂಪಾಯಿ ಹೆಚ್ಚಾದರೂ ಕೊಡುತ್ತೇನೆ. ಅದಕ್ಕೂ ಮೀರಿದರೆ ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ. 2025ರ ಆಗಸ್ಟ್‌ನಿಂದ ಬೆಳಗಿನ ಜಾವಕ್ಕೆ ವಂದೇ ಭಾರತ್ ಕೂಡ ಇದೆ, ಆದರೆ ಎಂಟೂವರೆ ಗಂಟೆ ಕುಳಿತೇ ಹೋಗುವುದು ನನ್ನ ಬೆನ್ನಿಗೆ ಒಗ್ಗದು.