ಕಾರ್ನ್ ಸಿರಪ್, ಸಕ್ಕರೆ, ಜೇನು, ಸ್ಟೀವಿಯಾ: ಯಾವುದು ಎಲ್ಲಿಗೆ ಸರಿ?

ಮೊದಲೇ ಹೇಳಿಬಿಡುತ್ತೇನೆ. ಬರೀ ಸಿಹಿ ನೋಡಿ ಇವುಗಳಲ್ಲಿ ಒಂದನ್ನು ಆರಿಸಿದರೆ ತಿಂಡಿ ಕೆಡುತ್ತದೆ. ಸಕ್ಕರೆ ಸಿಹಿ ಕೊಡುವುದಷ್ಟೇ ಅಲ್ಲ, ತೇವ ಹಿಡಿದಿಡುತ್ತದೆ, ಬಣ್ಣ ತರುತ್ತದೆ, ತಿನಿಸಿಗೆ ಮೈ ಕೊಡುತ್ತದೆ. ಅದಕ್ಕೇ ಒಂದೊಂದನ್ನೂ ಕ್ಯಾರಮೆಲ್, ಕೇಕ್, ಕಾಫಿ ಮೂರರಲ್ಲೂ ಹಾಕಿ ನೋಡಿದೆ.

ಜಾಸ್ತಿ ವ್ಯತ್ಯಾಸ ಕಂಡದ್ದು ಕ್ಯಾರಮೆಲ್‌ನಲ್ಲಿ. ಬರೀ ಸಕ್ಕರೆ, ನೀರು ಕುದಿಸಿದರೆ ಪಾತ್ರೆಯ ಅಂಚಿಗೆ ಸಿಡಿದ ಹನಿ ಒಣಗಿ ಹರಳಾಗುತ್ತದೆ. ಆ ಹರಳು ಒಳಗೆ ಜಾರಿದರೆ ಮುಗೀತು, ನೋಡನೋಡುತ್ತಿದ್ದಂತೆ ಇಡೀ ಪಾಕ ಮರಳು ಮರಳು. ಎರಡು ಚಮಚ ಕಾರ್ನ್ ಸಿರಪ್ (ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಪಾಕ) ಸೇರಿಸಿದ ಪಾತ್ರೆಯಲ್ಲಿ ಈ ರಗಳೆಯೇ ಇಲ್ಲ. ಸಿರಪ್‌ನಲ್ಲಿರುವ ಗ್ಲೂಕೋಸ್ ಮತ್ತು ಅದರ ಉದ್ದನೆಯ ಸರಪಳಿಗಳು ಸಕ್ಕರೆ ಕಣಗಳು ಒಟ್ಟುಗೂಡದಂತೆ ಅಡ್ಡ ನಿಲ್ಲುತ್ತವೆ. ಜೇನು ಕೂಡ ಆ ಕೆಲಸ ಮಾಡಿತು, ಆದರೆ ಆಮೇಲೆ ಬಾಯಲ್ಲಿ ಉಳಿದದ್ದು ಜೇನಿನ ರುಚಿ ಮಾತ್ರ. ಸಕ್ಕರೆಯ ಬದಲು ಬಳಸುವ ಇನ್ನೊಂದು ಸಿಹಿ ಪುಡಿ ಎರಿಥ್ರಿಟಾಲ್ ಬಿಸಿಯಲ್ಲಿ ಚೆನ್ನಾಗಿಯೇ ಕರಗಿತು. ಫ್ರಿಜ್‌ನಿಂದ ಮರುದಿನ ತೆಗೆದರೆ ತಳದಲ್ಲಿ ಹರಳು, ಹಲ್ಲಿಗೆ ಕರಕರ, ನಾಲಿಗೆಗೆ ಪುದೀನ ತಿಂದಂಥ ತಂಪು. ಬಣ್ಣ ಬರಲೇ ಇಲ್ಲ.

ಅಡುಗೆಮನೆಯ ಕಾರ್ನ್ ಸಿರಪ್ ಬೇರೆ, ತಂಪು ಪಾನೀಯದ ಹೈ ಫ್ರಕ್ಟೋಸ್ ಕಾರ್ನ್ ಸಿರಪ್ ಬೇರೆ. ಮೊದಲನೆಯದು ಸಕ್ಕರೆಗಿಂತ ಸಿಹಿ ಕಡಿಮೆ. ಎರಡನೆಯದರಲ್ಲಿ ಗ್ಲೂಕೋಸ್‌ನ ಒಂದು ಪಾಲನ್ನು ಕಿಣ್ವ ಹಾಕಿ ಫ್ರಕ್ಟೋಸ್ (ಹಣ್ಣಿನಲ್ಲಿರುವ ಬಗೆಯ ಸಕ್ಕರೆ) ಮಾಡಿರುತ್ತಾರೆ. ಪಾನೀಯಗಳಿಗೆ ಬಳಸುವ ಬಗೆಯಲ್ಲಿ ಫ್ರಕ್ಟೋಸ್ ಸುಮಾರು ಶೇ. 55. ಸಕ್ಕರೆಯಲ್ಲಿ ಅದು ಶೇ. 50. ಇಷ್ಟು ಹತ್ತಿರ ಇರುವಾಗ ಒಂದು ಅಮೃತ, ಇನ್ನೊಂದು ವಿಷ ಅನ್ನುವ ಜಗಳ ಸುಮ್ನೆ ಅಲ್ವಾ? ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದಾಗ ನನ್ನ ನಾಲಿಗೆಗಂತೂ ಹೆಚ್ಚೇನೂ ವ್ಯತ್ಯಾಸ ಗೊತ್ತಾಗಲಿಲ್ಲ. ನೋಡಬೇಕಾದದ್ದು ಎಷ್ಟು ಅನ್ನುವುದನ್ನು. 330 ಮಿ.ಲೀ. ಕೋಲಾ ಕ್ಯಾನ್ ಒಂದರಲ್ಲೇ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ 50 ಗ್ರಾಂ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ.

ಕೇಕ್‌ನಲ್ಲಿ ನನ್ನ ಓಟು ಜೇನಿಗೆ. ಸಕ್ಕರೆಯ ಕೇಕ್ ಒಣಗಿದ ಮೇಲೂ ಜೇನಿನದು ಮೆತ್ತಗೇ ಇತ್ತು. ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ, ಓವನ್ ಉರಿ ಸ್ವಲ್ಪ ಇಳಿಸಬೇಕು. (ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ.) ಸ್ಟೀವಿಯಾ (ಒಂದು ಗಿಡದ ಎಲೆಯಿಂದ ತೆಗೆದ ಸಿಹಿ ಸಾರ) ಸಕ್ಕರೆಗಿಂತ 200–300 ಪಟ್ಟು ಸಿಹಿ, ಹಾಗಾಗಿ ಒಂದು ಕಪ್ ಸಕ್ಕರೆಯ ಜಾಗಕ್ಕೆ ಬರುವುದು ಚಿಟಿಕೆಯಷ್ಟು. ಮಿಕ್ಕ ಜಾಗ ತುಂಬುವವರು ಯಾರು? ಕೇಕ್ ಬಿಳಿಚಿಕೊಂಡು ಕುಗ್ಗಿ ಕೂತಿತು.

ಕಾಫಿಯಲ್ಲಿ ಮಾತ್ರ ಸ್ಟೀವಿಯಾ ಗೆದ್ದಿತು. ಅದರ ಕೊನೆಗೆ ಬರುವ ಕಹಿ ಕಾಫಿಯ ಕಹಿಯಲ್ಲೇ ಅಡಗಿಹೋಗುತ್ತದೆ. ನಿಂಬೆ ಶರಬತ್ತಿನಲ್ಲಿ ಅಡಗುವುದಿಲ್ಲ. ಆದರೆ ತೂಕ ಇಳಿಸಲು ಇಂಥ ಸಿಹಿಗಳನ್ನು ನೆಚ್ಚಬೇಡಿ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಪ್ಯಾಕೆಟ್ ತಿನಿಸು ಕೊಳ್ಳುವಾಗ ಒಂದು ಕಿವಿಮಾತು. ಅದರ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ಸಕ್ಕರೆ, ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್ ಅಂತ ಸಕ್ಕರೆಯ ಬಗೆಗಳನ್ನು ಬಿಡಿಬಿಡಿಯಾಗಿ ಬರೆದರೆ ಒಂದೊಂದೂ ಕೆಳಗೆ ಜಾರುತ್ತದೆ. ಎಲ್ಲವನ್ನೂ ಒಟ್ಟು ಕೂಡಿಸಿ ಓದಿ.